ದೊಡ್ಡವರಿಗೆ ಹೇಳಿ ಬಾ

ಕಿಟಕಿ ಹಾಕಿ ಬನ್ನಿ ಮೊದಲು. ಗಾಳಿಗೆ ಅಂತ ಅಲ್ಲ... ಸುಮ್ಮನೆ ಹಾಕಿ ಬನ್ನಿ, ಹೇಳ್ತೇನೆ.

ದೆವ್ವ ಎಂದರೆ ಕಾಡು, ಸುಡುಗಾಡು, ಹುಣಸೆಮರ ಅಂತ ನೀವು ತಿಳಿದಿದ್ದರೆ ಅದು ನಿಮ್ಮ ತಪ್ಪು. ಇದು ಕುದ್ರೋಳಿಯಲ್ಲಿ ಆದದ್ದು, ಸಿಟಿ ಬಸ್ಸು ಓಡುವ ರಸ್ತೆಯಿಂದ ಒಂದು ಕೂಗಳತೆ ಒಳಗೆ. ಅನುಭವಿಸಿದವ ಇಲ್ಲೇ ಕೊಡಿಯಾಲ್‌ಬೈಲಿನಲ್ಲಿ ನಮ್ಮ ಬೇಲಿಗೆ ತಾಗಿದ ಮನೆಯ ಲೋಕನಾಥ. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದ, ಊರಿಗೆಲ್ಲ ಲೋಕನಾಥ ಮಾಸ್ಟ್ರು. ನನಗಿಂತ ಸಣ್ಣವ, ಹಾಗಾಗಿ ನಾನು ಏಕವಚನದಲ್ಲೇ ಹೇಳುವುದು. ಯಾರೂ ಮುಖ ಸಿಂಡರಿಸಬೇಡಿ.

ಎಂಬತ್ತೊಂದೋ ಎಂಬತ್ತೆರಡೋ. ಬೆಳಿಗ್ಗೆ ಸ್ವಲ್ಪ ಚಳಿ ಬೀಳುವ ತಿಂಗಳು. ಒಂದು ಆದಿತ್ಯವಾರ, ದೇವರಿಗೆ ದೀಪ ಇಡುವ ಹೊತ್ತು ಮೀರಿತ್ತು. ಲೋಕನಾಥ ಮತ್ತು ಅವನ ತಂಗಿ ಆಶಾಲತಾ ಹೊಳೆಬದಿಯ ಸುಲ್ತಾನ್ ಬತ್ತೇರಿಯಿಂದ ನಡೆದುಕೊಂಡು ಮನೆಗೆ ಬರುತ್ತಿದ್ದರು. ಕರೆಂಟ್ ಹೋಗಿತ್ತು. ಕುದ್ರೋಳಿಯ ಒಳದಾರಿ, ಎರಡೂ ಬದಿ ಕೆಂಪು ಕಲ್ಲಿನ ಗೋಡೆ. ಅವಳ ಚಪ್ಪಲಿ ಚಟ್... ಪಟ್... ಚಟ್... ಪಟ್. ಅದು ಬಿಟ್ಟರೆ ಒಂದು ಸದ್ದಿಲ್ಲ. ದಾರಿ ತಿರುಗುವಲ್ಲಿ ಒಂದು ಬಾವಿ. ಗಾಳಿ ಇಲ್ಲ, ನೀರು ಸೇದುವವರು ಯಾರೂ ಇಲ್ಲ, ಆದರೆ ರಾಟೆ ತನ್ನಷ್ಟಕ್ಕೆ ಕೀ...ಚ್ ಅಂತ ಅರ್ಧ ಸುತ್ತು ತಿರುಗಿ ನಿಂತಿತು.

ಲೋಕನಾಥ ಅದನ್ನು ಗಮನಿಸಲಿಲ್ಲ. ಅವನು ನೋಡಿದ್ದು ಬಾವಿಯ ಹಿಂದಿನ ಮನೆಯನ್ನು.

ಹಳೆಯ ಕಲ್ಲು ಕಂಡರೆ ಸಾಕು, ಅವನಿಗೆ ಊಟ ಬೇಡ ನಿದ್ದೆ ಬೇಡ. ಪ್ರೆಸ್ ಇಟ್ಟುಕೊಂಡಿದ್ದ ಲಿಗೋರಿ ಅಂತ ಸ್ನೇಹಿತ ಒಬ್ಬ ಇದ್ದ, ಅವನು ಇವನ ತಲೆಗೆ ಹುಳ ಬಿಟ್ಟದ್ದು. ಪರವೂರಿನವರು ಮಂಗಳೂರಿಗೆ ಬಂದರೆ ಯಾರನ್ನೂ ಕೇಳದೆ ತಾವೇ ನಡೆದು ಹಳೆಯ ಜಾಗಗಳನ್ನೆಲ್ಲ ನೋಡುವ ಹಾಗೆ ಒಂದು ಸಣ್ಣ ಪುಸ್ತಕ ಬರೆದು ಕೊಡು, ನಾನು ಅಚ್ಚು ಹಾಕ್ತೇನೆ ಅಂತ. ಇವನಿಗೆ ಅಷ್ಟು ಸಾಕಲ್ಲ. ಬಾವುಟಗುಡ್ಡೆಯ ದೀಪಸ್ತಂಭದಿಂದ ಶುರು. ಅಲ್ಲಿಂದ ಹಂಪನಕಟ್ಟೆಗೆ ಇಳಿದು, ರೊಸಾರಿಯೊ ಇಗರ್ಜಿ, ಬಂದರಿನ ಗೋದಾಮುಗಳು, ಮರದ ಕಂಬದ ಮಸೀದಿ, ಕುದ್ರೋಳಿ ದೇವಸ್ಥಾನ, ಕೊನೆಗೆ ಬತ್ತೇರಿ. ಬರೆದದ್ದು ಹೇಗೆ ಅಂತೀರಿ? "ದೀಪಸ್ತಂಭಕ್ಕೆ ಬೆನ್ನು ಹಾಕಿ ನಿಲ್ಲಿ. ಇಳಿಜಾರು ಇಳಿಯಿರಿ. ಎಡಗೈ ಬದಿಯ ಗೋಡೆ ಮುಗಿದಲ್ಲಿ ತಿರುಗಿ." ಹೀಗೆ, ಒಂದೊಂದು ತಿರುವೂ. ಕುರುಡನ ಕೈಗೆ ಕೊಟ್ಟರೂ ಈ ದಾರಿಯಿಂದ ತಪ್ಪಿಹೋಗಲಿಕ್ಕೆ ಸಾಧ್ಯ ಇಲ್ಲ ಅಂತ ನಮ್ಮ ಬೇಲಿಯ ಹತ್ತಿರ ನಿಂತು ನನ್ನ ಕಿವಿ ತಿನ್ನುತ್ತಿದ್ದ.

ಅವತ್ತು ಬರೆದ ಹಾಗೆಯೇ ನಡೆದು ಪರೀಕ್ಷೆ ಮಾಡಿದ ದಿನ. ಚಿತ್ರ ಬಿಡಿಸಲಿಕ್ಕೆ ತಂಗಿ ಜೊತೆಗೆ. ಅವಳಿಗೆ ಇಪ್ಪತ್ತೆರಡು. ಅಪ್ಪ ಸತ್ತಾಗ ಇಷ್ಟುದ್ದ ಇದ್ದಳು, ಇವನೇ ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದ. ಗದ್ದೆಯೆಲ್ಲ ಡಿಕ್ಲರೇಶನ್‌ನಲ್ಲಿ ಒಕ್ಕಲುಗಳ ಪಾಲಾಗಿ ಪೇಟೆಗೆ ಬಂದವರು ಅವರು. ತಂಗಿಗೊಂದು ಮದುವೆ ಆಗುವ ತನಕ ತನಗೆ ಬೇಡ ಅಂತ ಕೂತವ. ಈಗ ಬಾಂಬೆಯಲ್ಲಿ ಹೋಟೆಲ್ ಇದ್ದ ಹುಡುಗನ ಜೊತೆ ಮಾತುಕತೆ ಮುಗಿದಿತ್ತು. ಮುಂದಿನ ತಿಂಗಳು ಮದುವೆ.

ಸರಿ. ಬಾವಿಯ ಹಿಂದೆ ಆ ಮನೆ. ತಗ್ಗು ಮಾಡು, ಹಳೆಯ ಹಂಚು, ದೊಡ್ಡ ಜಗಲಿ, ತೆಕ್ಕೆಗೆ ಸಿಗದಷ್ಟು ದಪ್ಪ ಮರದ ಕಂಬಗಳು. ಇಷ್ಟು ಸಲ ಈ ಕಡೆ ಬಂದಿದ್ದೇನೆ, ಇದನ್ನು ನೋಡಲೇ ಇಲ್ಲವಲ್ಲ ಅಂತ ಅವನಿಗೆ ಆಶ್ಚರ್ಯ. ಬತ್ತೇರಿ ಕೊನೆ ಅಲ್ಲ, ಇದೇ ಕೊನೆಯ ಜಾಗ ಅಂತ ಅಲ್ಲೇ ತೀರ್ಮಾನ ಮಾಡಿದ. ಗೇಟು ತೆರೆದೇ ಇತ್ತು.

ಜಗಲಿಯಲ್ಲಿ ಒಬ್ಬರು ಮುದುಕಿ ಕೂತಿದ್ದರು. ಬಿಳಿ ಸೀರೆ, ಬೋಳು ಕೈ. ಎದುರಿಗೆ ಕಬ್ಬಿಣದ ಕುಟ್ಟಾಣಿ, ಎಲೆ ಅಡಿಕೆ ಕುಟ್ಟುತ್ತಿದ್ದರು. ಟಣ್... ಟಣ್... ಟುಕ್. ಟಣ್... ಟಣ್... ಟುಕ್. ತಲೆ ಎತ್ತದೆ "ಬಲೆ" ಅಂದರು. ತುಳುವಿನಲ್ಲಿ ಬನ್ನಿ, ಅಂತ. ಯಾರು ಎಂತ ಅಂತ ಕೇಳಲಿಲ್ಲ. ಒಳಗೆ ಹೋಗಿ ಒಂದು ಚೆಂಬು ನೀರು, ತಟ್ಟೆಯಲ್ಲಿ ಎರಡು ತುಂಡು ಬೆಲ್ಲ ತಂದಿಟ್ಟರು. ಹಳಬರ ಮನೆಯ ಕ್ರಮ, ಬಂದವರಿಗೆ ಮೊದಲು ಬೆಲ್ಲ ನೀರು.

ಆಶಾಲತಾ ಬೆಲ್ಲ ತಿಂದು ನೀರು ಕುಡಿದಳು. ಅವಳಿಗೆ ಬಾಯಾರಿತ್ತು. ಲೋಕನಾಥ ಮುಟ್ಟಲಿಲ್ಲ, ಅವನು ಕಂಬಗಳಿಗೆ ಗೇಣು ಹಾಕುತ್ತಿದ್ದ. ಒಳಗೆ ಚಾವಡಿಯಲ್ಲಿ ನೆಲದ ಮೇಲೆ ಒಂದು ದೀಪ ಉರಿಯುತ್ತಿತ್ತು, ಪಕ್ಕದಲ್ಲಿ ತೆಂಗಿನಕಾಯಿಯ ಒಂದು ಹೋಳು. ಅದನ್ನೂ ಅವನು ಕಣ್ಣಾರೆ ನೋಡಿದ. ನೋಡಿ ಏನು ಅಂದುಕೊಂಡ ಗೊತ್ತುಂಟಾ? ಕರೆಂಟ್ ಇಲ್ಲ, ಅದಕ್ಕೆ ದೀಪ ಹಚ್ಚಿದ್ದಾರೆ ಅಂತ. ಓದಿದವನ ಬುದ್ಧಿ ನೋಡಿ.

ಮುದುಕಿ ಆಶಾಲತಾಳ ಹತ್ತಿರ ಪಿಸುಪಿಸು ಮಾತಾಡುತ್ತಿದ್ದರಂತೆ. ಮನೆ ಎಲ್ಲಿ, ಯಾರ ಮಗಳು, ಮದುವೆ ಆಗಿದೆಯಾ. ತನ್ನ ಮನೆಗೆ ಯಾರೂ ಬರುವುದಿಲ್ಲ, ಬಂದವರೂ ಕೂರುವುದಿಲ್ಲ ಅಂತ. ಇಷ್ಟೇ.

ಕತ್ತಲೆ ದಪ್ಪ ಆಯಿತು. ಇಬ್ಬರೂ ಗೇಟಿನಿಂದ ಹೊರಗೆ ಬಂದರು. ಆಗ ಲೋಕನಾಥ ಕೇಳಿದ, ಹೊರಡ್ತೇವೆ ಅಂತ ಹೇಳಿದಿಯಾ? ಇಲ್ಲ, ಮರೆತೆ, ಅಂದಳು.

"ಹೇಳದೆ ಬರುವುದಾ? ದೊಡ್ಡವರಿಗೆ ಹೇಳಿ ಬಾ."

ಅವನು ಅವಳನ್ನು ಬೆಳೆಸಿದ್ದು ಹಾಗೆ. ನಮ್ಮಲ್ಲಿ ಹೊರಡುವಾಗ ಯಾರಾದರೂ "ಹೋಗ್ತೇನೆ" ಅನ್ನುತ್ತಾರಾ? ಬರ್ತೇನೆ ಅನ್ನಬೇಕು. ಅವರು ಆಯ್ತು ಬನ್ನಿ ಅನ್ನಬೇಕು. ಅಲ್ಲಿಗೆ ಮುಗಿಯಿತು, ಬರುವವನೂ ಬರುವುದಿಲ್ಲ, ಕರೆದವನೂ ಕಾಯುವುದಿಲ್ಲ. ಪಾಪ, ಅವಳು ತಿರುಗಿ ಹೋದಳು. ಚಟ್... ಪಟ್... ಚಟ್... ಪಟ್. ಲೋಕನಾಥ ಬಾವಿಕಟ್ಟೆಗೆ ಒರಗಿ ನಿಂತ. ಕುಟ್ಟಾಣಿಯ ಸದ್ದು ನಿಂತಿತು. ಸ್ವಲ್ಪ ಹೊತ್ತು ಏನಿಲ್ಲ... ಮತ್ತೆ ಶುರುವಾಯಿತು. ಟಣ್... ಟಣ್... ಟುಕ್.

ಅವಳು ಬಂದಾಗ ಮುಖ ಒಂದು ನಮೂನೆ ಇತ್ತು.

"ಬರ್ತೇನೆ ಅಂದೆ ಅಣ್ಣ. ಅವರು, ಏಪ, ಅಂತ ಕೇಳಿದರು."

ಏಪ. ಯಾವಾಗ, ಅಂತ. ಹುಟ್ಟಿದ ಮೇಲೆ ಆ ಮಾತಿಗೆ ಯಾರಾದರೂ ಯಾವಾಗ ಅಂತ ಕೇಳಿದ್ದು ಉಂಟಾ?

"ನೀನು ಎಂತ ಹೇಳಿದೆ?"

"ಎಂತ ಹೇಳುವುದು... ನೀವೇ ಹೇಳಿ ಅಂದೆ. ಈ ಬುಧವಾರ ಅಲ್ಲ, ಆಚೆ ಬುಧವಾರ ಊಟಕ್ಕೆ ಬಾ ಅಂದರು. ಆಯ್ತು ಅಂದೆ."

ಲೋಕನಾಥ ನಕ್ಕುಬಿಟ್ಟ. ಒಂಟಿ ಮುದುಕಿ, ಯಾರಾದರೂ ಬಂದರೆ ಸಾಕು ಅಂತ ಆಸೆ, ನಾನೇ ಕರೆದುಕೊಂಡು ಬಂದರಾಯಿತು ಅಂದ.

ದಾರಿಯ ಕೊನೆ ತಲುಪಿದಾಗ ಎದುರಿನಿಂದ ಹತ್ತು ಹನ್ನೆರಡು ಜನ ಗಂಡಸರು ಸಾಲಾಗಿ ಬರುತ್ತಿದ್ದರು. ಯಾರೂ ಮಾತಾಡುವುದಿಲ್ಲ. ಎಲ್ಲರ ಬಟ್ಟೆಯೂ ಒದ್ದೆ. ಮುಂದೆ ಇದ್ದವ ಗುರುತಿನವನೇ, ವಾಮಂಜೂರಿನ ಮಹಾಬಲ. ಲೋಕನಾಥನ ಚಾಳಿ ಬಿಡಬೇಕಲ್ಲ, ಬಾವಿಯ ಹಿಂದಿನ ಮನೆ ಯಾರದ್ದು, ಎಷ್ಟು ಹಳತು ಅಂತ ಕೇಳಿದ.

"ಇವತ್ತು ಬೇಡ ಮಾಸ್ಟ್ರೇ," ಅಂದ ಮಹಾಬಲ. "ದೊಡ್ಡಮ್ಮನನ್ನು ಸುಟ್ಟು ಬರ್ತಾ ಇದ್ದೇವೆ."

"ಯಾವ ದೊಡ್ಡಮ್ಮ?"

"ಗುಲಾಬಿ ದೊಡ್ಡಮ್ಮ. ಆ ಮನೆಯಲ್ಲಿ ಇದ್ದದ್ದೇ ಅವರೊಬ್ಬರು."

ಬೆಳಿಗ್ಗೆ ಎದ್ದವರು ಎಲೆ ಅಡಿಕೆ ಕುಟ್ಟುತ್ತಾ ಕೂತಲ್ಲೇ ಹೋದರಂತೆ. ಗಂಡಸರು ಹೆಣದ ಜೊತೆ, ಹೆಂಗಸರು ಹಿಂದಿನ ಕೆರೆಗೆ ಮೀಯಲಿಕ್ಕೆ. ಚಾವಡಿಯಲ್ಲಿ ಸಾವಿನ ದೀಪ, ಕಾಯಿ ಹೋಳು ಇಟ್ಟು ಹೋಗಿದ್ದಾರೆ, ಮನೆಯಲ್ಲಿ ಯಾರೂ ಇಲ್ಲ ಅಂತ ಅವನೇ ಹೇಳಿದ. ಆಶಾಲತಾ ಅಣ್ಣನ ಅಂಗಿ ಹಿಡಿದುಕೊಂಡಳು. ಅವಳ ಬಾಯಲ್ಲಿ ಇನ್ನೂ ಬೆಲ್ಲದ ರುಚಿ ಇತ್ತಂತೆ.

ಮನೆಗೆ ಬಂದು ತಾಯಿಗೆ ಹೇಳಿದರು. ತಾಯಿ ಮುದುಕಿಯ ಬಗ್ಗೆ ಕೇಳಲಿಲ್ಲ, ನೀರಿನ ಬಗ್ಗೆ ಕೇಳಲಿಲ್ಲ. ಕೇಳಿದ್ದು ಒಂದೇ, ಹೊರಡುವಾಗ ಎಂತ ಹೇಳಿದೆ? ಬರ್ತೇನೆ ಅಂದೆ ಅಂತ ಕೇಳಿದ ಕೂಡಲೇ ಅವರು ನೆಲದ ಮೇಲೆ ಕೂತುಬಿಟ್ಟರು. ಲೋಕದಲ್ಲಿ ಆ ಮಾತು ಆಡಬಾರದ್ದು ಒಂದೇ ಕಡೆ, ಸಾವಾದ ಮನೆಯಲ್ಲಿ. ಅಲ್ಲಿಂದ ಹೇಳದೆ, ತಿರುಗಿ ನೋಡದೆ ಎದ್ದು ಬರಬೇಕು. ಸಣ್ಣ ಮಕ್ಕಳಿಗೂ ಗೊತ್ತು. ಅಂಥದ್ದರಲ್ಲಿ ಸತ್ತವಳಿಗೇ ಹೇಳಿ, ದಿನವನ್ನೂ ಅವಳ ಬಾಯಿಂದಲೇ ಗೊತ್ತು ಮಾಡಿಸಿಕೊಂಡು ಬಂದಿದ್ದಾಳೆ. ಕಳುಹಿಸಿದ್ದು ಯಾರು? ಲೋಕನಾಥ ಬಾಯಿ ಬಿಡಲಿಲ್ಲ. ಅವಳೂ ಹೇಳಲಿಲ್ಲ, ಅಣ್ಣನನ್ನು ಬಿಟ್ಟುಕೊಡುವ ಜಾತಿ ಅಲ್ಲ ಅದು.

ಮಾರನೆ ದಿನ ಅವನು ಲಿಗೋರಿಯ ಪ್ರೆಸ್ಸಿಗೆ ಓಡಿ, ಮೊದಲೇ ಬರೆದು ಕೊಟ್ಟದ್ದನ್ನೆಲ್ಲ ವಾಪಸು ತಂದು ಬಚ್ಚಲೊಲೆಗೆ ಹಾಕಿದ. ಕಾಗದ ಉರಿದರೆ ದಾರಿ ಉರಿಯುತ್ತದಾ?

ಆ ವಾರ ಅವಳಿಗೆ ಜ್ವರ ಇಲ್ಲ, ಹೆದರಿಕೆ ಇಲ್ಲ, ಏನಿಲ್ಲ. ಊಟ ಮಾಡ್ತಾಳೆ, ನಿದ್ದೆ ಮಾಡ್ತಾಳೆ. ಒಂದೇ ಬದಲಾವಣೆ. ಬೆಳಿಗ್ಗೆ ಟೈಪಿಂಗ್ ಕ್ಲಾಸಿಗೆ ಹೊರಟವಳು ಬಾಗಿಲಲ್ಲಿ ನಿಂತು "ಹೋಗ್ತೇನೆ ಅಮ್ಮ" ಅಂದಳು. ತಾಯಿ ಬಡಿಸುವ ಕೈ ನಿಲ್ಲಿಸಿ, ಹಾಗೆ ಹೇಳಬೇಡ, ಸರಿ ಹೇಳು ಅಂದರು. ಅವಳು ಬಾಯಿ ತೆರೆದಳು... ಮುಚ್ಚಿದಳು. ಮತ್ತೆ ತೆರೆದಳು. "ಹೋಗ್ತೇನೆ," ಅಂದಳು. ಬೇಕು ಅಂತ ಅಲ್ಲ ಮಾರಾಯ್ರೇ. ಬರುವುದಿಲ್ಲ ಅವಳಿಗೆ. ಬೇರೆ ಎಲ್ಲ ಮಾತು ಬರ್ತದೆ, ಅದೊಂದು ಬರುವುದಿಲ್ಲ. ತಾಯಿ ಕೆನ್ನೆಗೆ ಒಂದು ಕೊಟ್ಟರು. ಕೊಟ್ಟವರೂ ಅತ್ತರು, ತಿಂದವಳೂ ಅತ್ತಳು. ನಾನು ಬೇಲಿಯ ಈಚೆ ಬಟ್ಟೆ ಒಣಗಿಸುತ್ತಿದ್ದೆ, ಎಲ್ಲ ಕೇಳಿಸಿತು.

ದೇವಸ್ಥಾನಕ್ಕೆ ಹೋದರು, ನೂಲು ಕಟ್ಟಿಸಿದರು. ಪ್ರಶ್ನೆ ಇಟ್ಟು ನೋಡಿದರು. ಜೋಯಿಸರು ಕವಡೆ ಹರಡಿ ತುಂಬ ಹೊತ್ತು ನೋಡಿ ಅದನ್ನು ಹಾಗೆಯೇ ಚೀಲಕ್ಕೆ ತುಂಬಿದರಂತೆ. ಒತ್ತಾಯ ಮಾಡಿದ್ದಕ್ಕೆ ಹೇಳಿದ್ದು ಇಷ್ಟು. ಮಾಟ ಅಲ್ಲ, ಉಪದ್ರ ಅಲ್ಲ, ಆ ಹೆಂಗಸಿಗೆ ಕೋಪವೂ ಇಲ್ಲ. ಕೋಪ ಇದ್ದರೆ ಇಳಿಸಬಹುದಿತ್ತು. ಪ್ರೀತಿಯಲ್ಲಿ ಕರೆದದ್ದಕ್ಕೆ ಯಾವ ಮದ್ದು ಕೊಡುವುದು?

ಲೋಕನಾಥ ಮಹಾಬಲನನ್ನು ಹುಡುಕಿಕೊಂಡು ವಾಮಂಜೂರಿಗೆ ಹೋದ. ಆಚೆ ಬುಧವಾರ ಯಾವ ದಿನ ಅಂತ ಅಲ್ಲಿ ಗೊತ್ತಾಯಿತು. ಬೊಜ್ಜ. ಸತ್ತವರಿಗೆ ಕೊನೆಯ ಊಟ ಬಡಿಸುವ ದಿನ. ಮಹಾಬಲ ಒಳ್ಳೆಯ ಮನುಷ್ಯ, ಪೂರಾ ಕೇಳಿದ. ದಿನ ಬದಲಿಸಲಿಕ್ಕೆ ಆಗುವುದಿಲ್ಲ, ನಿಮ್ಮ ತಂಗಿಯನ್ನು ನಾವು ಕರೆಯುವುದಿಲ್ಲ, ಹೆಸರೂ ಎತ್ತುವುದಿಲ್ಲ ಅಂದ. ಗೇಟಿನ ತನಕ ಬಂದವನು ಮೆಲ್ಲಗೆ ಒಂದು ಮಾತು ಸೇರಿಸಿದ.

"ಆದರೆ ಮಾಸ್ಟ್ರೇ... ಕರೆದದ್ದು ನಾವಲ್ಲವಲ್ಲ."

ಮಂಗಳವಾರ ರಾತ್ರಿ ಆ ಮನೆಯಲ್ಲಿ ಯಾರೂ ಮಲಗಲಿಲ್ಲ. ಬಾಗಿಲು ಹಾಕಿ ಒಳಗೆ ಕೂರಿಸುವ ಅಂದರೆ, ಅವಳು ಮುದುಕಿಗೆ ಮನೆ ಎಲ್ಲಿ ಅಂತ ಹೇಳಿಬಿಟ್ಟಿದ್ದಾಳೆ. ಆದ್ದರಿಂದ ಬೆಳಗಾಗುವ ಮೊದಲೇ ಊರಾಚೆ ಕರೆದುಕೊಂಡು ಹೋಗುವುದು ಅಂತ ಆಯಿತು. ಮೂಡುಬಿದಿರೆಯಲ್ಲಿ ಅತ್ತೆಯ ಮನೆ ಉಂಟು. ಹಂಪನಕಟ್ಟೆಯಿಂದ ಮೊದಲ ಬಸ್ಸು. ಬುಧವಾರ ಮುಗಿದ ಮೇಲೆ ವಾಪಸು. ಅವಳು ಎಲ್ಲದಕ್ಕೂ ಹೂಂ ಅಂದಳು. ಕೊನೆಗೆ ಮಾತ್ರ ಅಣ್ಣನ ಹತ್ತಿರ ಪಿಸುಗುಟ್ಟಿದಳು.

"ಪಾಪ ಅಣ್ಣ... ಕಾಯ್ತಾರೆ."

ಅಲ್ಲಿಯ ತನಕ ಯಾರೋ ಎಳೆಯುತ್ತಾರೆ ಅಂತ ಹೆದರಿದ್ದ. ಇವಳಿಗೇ ಹೋಗುವ ಮನಸ್ಸು ಉಂಟು ಅಂತ ಅವನಿಗೆ ಹೊಳೆದಿರಲಿಲ್ಲ.

ಬೆಳಿಗ್ಗೆ ಅವಳ ಕೈ ಗಟ್ಟಿಯಾಗಿ ಹಿಡಿದು ಹೊರಟ. ಹಂಪನಕಟ್ಟೆಯಲ್ಲಿ ಬಸ್ಸಿಲ್ಲ. ಏನೋ ಗಲಾಟೆ, ಕಂಡಕ್ಟರುಗಳ ಮುಷ್ಕರ, ಬಸ್ಸುಗಳೆಲ್ಲ ಸಾಲಾಗಿ ನಿಂತಿವೆ. ರಿಕ್ಷಾ ಕೂಡ ಇಲ್ಲ. ಸರಿ, ಕಂಕನಾಡಿ ತನಕ ನಡೆಯುವ, ಅಲ್ಲಿ ಯಾವುದಾದರೂ ಲಾರಿ ಸಿಗ್ತದೆ ಅಂತ ಪೂರ್ವಕ್ಕೆ ಮುಖ ಮಾಡಿ ಹೊರಟರು. ಇಷ್ಟು ವರ್ಷ ಓಡಾಡಿದ ಊರು, ಕಣ್ಣು ಕಟ್ಟಿದರೂ ನಡೆಯುವ ರಸ್ತೆ. ಸೂರ್ಯ ಮುಖಕ್ಕೆ ಹೊಡೆಯುತ್ತಿದ್ದ. ನಡೆದರು. ಸ್ವಲ್ಪ ಹೊತ್ತಿನಲ್ಲಿ ಲೋಕನಾಥನಿಗೆ ಬೆನ್ನು ಬಿಸಿಯಾದ ಹಾಗೆ ಆಯಿತು. ಸೂರ್ಯ ಹಿಂದೆ ಇದ್ದಾನೆ. ಎದುರಿಗೆ ಇಗರ್ಜಿಯ ಗಂಟೆ... ಢಣ್... ಢಣ್. ರೊಸಾರಿಯೊ.

ದಾರಿ ತಪ್ಪಿದೆ ಅಂತ ತಿರುಗಿದ. ಬಂದ ದಾರಿಯಲ್ಲೇ ವಾಪಸು, ಗೋಡೆಗೆ ತಾಗಿಕೊಂಡೇ ನಡೆದ. ಮೂಗಿಗೆ ಒಣಮೀನಿನ ವಾಸನೆ. ಗೋದಾಮುಗಳು. ದೋಣಿ ನಿಲ್ಲುವ ದಕ್ಕೆಯಲ್ಲಿ ಹಂಚು ಇಳಿಸುವ ಸದ್ದು, ಕಟ್... ಕಟ್... ಕಟ್. ಹಳೆ ಬಂದರು. ಅವನು ಬೇಕು ಅಂತಲೇ ಎಡಕ್ಕೆ ಹೋಗುವಲ್ಲಿ ಬಲಕ್ಕೆ ಹೋದ. ಬಲಕ್ಕೆ ಹೋದರೂ ಮಸೀದಿಯೇ ಬಂತು. ನಿಂತ. ನಿಂತರೆ ಕಾಲು ನಿಂತಿತು, ಆದರೆ ಸಮಾಧಾನ ನಿಲ್ಲಲಿಲ್ಲ, ಎಲ್ಲಿಗಾದರೂ ಹೋಗಲೇಬೇಕಲ್ಲ ಅಂತ ಮತ್ತೆ ಹೆಜ್ಜೆ ಇಟ್ಟ. ತಲೆಯೊಳಗೆ ಯಾರೋ ಓದುತ್ತಿದ್ದಾರೆ. ಗೋಡೆ ಮುಗಿದಲ್ಲಿ ತಿರುಗಿ. ಮುಂದೆ ಮೂರು ದಾರಿ ಸೇರುವಲ್ಲಿ ನೇರ ಹೋಗಿ. ಅವನದೇ ಮಾತು, ಅವನದೇ ಸ್ವರ. ಯಾರೂ ತಪ್ಪಿಹೋಗದ ಹಾಗೆ ಕಟ್ಟಿದ ದಾರಿ, ಈಗ ಅದರಿಂದ ತಪ್ಪಿಸಿಕೊಳ್ಳಲಿಕ್ಕೆ ಅವನಿಗೇ ಆಗುವುದಿಲ್ಲ. ದಾರಿಯಲ್ಲಿ ಸಿಕ್ಕಿದವರನ್ನು ಕೇಳಿದ, ಕಂಕನಾಡಿಗೆ ಹೇಗೆ ಹೋಗುವುದು ಅಂತ. ಮಾಸ್ಟ್ರಿಗೆ ಇವತ್ತು ತಮಾಷೆ ಅಂತ ನಕ್ಕು ಕೈ ತೋರಿಸಿದರು. ಆ ಕೈಯೂ ಅದೇ ಕಡೆ.

ಆಶಾಲತಾ ಒಂದು ಸಲವೂ ಕೈ ಬಿಡಿಸಿಕೊಳ್ಳಲು ನೋಡಲಿಲ್ಲ. ಸಣ್ಣ ಮಕ್ಕಳು ದೊಡ್ಡವರ ಜೊತೆ ನಡೆದ ಹಾಗೆ ನಡೆಯುತ್ತಿದ್ದಳು. ಹೊಳೆ ಕಂಡಿತು, ಬತ್ತೇರಿ ಕಂಡಿತು. ಆಮೇಲೆ ಕೆಂಪು ಕಲ್ಲಿನ ಗೋಡೆ. ಬಾವಿ.

ಗೇಟಿನೊಳಗೆ ಜನ ತುಂಬಿದ್ದರು. ಚಪ್ಪರ, ಪಾತ್ರೆಗಳು, ಅಡುಗೆಯ ಹೊಗೆ. ಜೀವ ಇರುವ ಜನರನ್ನು ಕಂಡು ಲೋಕನಾಥನಿಗೆ ಅಳು ಬಂತು. ಮಹಾಬಲ ಓಡಿ ಬಂದ, ಇವರನ್ನು ನೋಡಿ ಅವನ ಮುಖ ಬಿಳಿಚಿತು. ಜಗಲಿಯ ತುದಿಯಲ್ಲಿ ಚಾಪೆ ಹಾಕಿ ಕೂರಿಸಿದ. ನನ್ನ ಕೈ ಬಿಡಬೇಡ ಅಂತ ಲೋಕನಾಥ ಅವಳಿಗೆ ಹೇಳಿದ. ಬಿಡುವುದಿಲ್ಲ ಅಂದಳು. ಬಿಡಲೂ ಇಲ್ಲ, ಅದು ಸತ್ಯ.

ಮಧ್ಯಾಹ್ನ ಒಳಕೋಣೆಯಲ್ಲಿ ಗುಲಾಬಿಯಮ್ಮನಿಗೆ ಬಡಿಸಿದರು. ಒಂದು ಬಾಳೆಲೆ, ಒಂದು ದೀಪ, ಒಂದು ಲೋಟ ನೀರು. ಬಡಿಸಿ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದರು. ಸತ್ತವರು ಉಣ್ಣುವಾಗ ಯಾರೂ ನೋಡಬಾರದು, ಮಾತಾಡಬಾರದು. ಅಷ್ಟು ಜನ, ಉಸಿರು ಕೂಡ ಕೇಳದಷ್ಟು ಮೌನ.

ಒಳಗಿನಿಂದ ಸದ್ದು ಬಂತು.

ಕಿಣಿ... ಕಿಣಿಕಿಣಿ... ಕಿಣಿ.

ಗಾಜಿನ ಬಳೆ. ಅನ್ನ ಕಲಸುವಾಗ ಕೈ ಆಡಿದ ಹಾಗೆ ನಿಧಾನವಾಗಿ, ನಡುವೆ ನಿಂತು, ಮತ್ತೆ. ಮಹಾಬಲ ಲೋಕನಾಥನ ಕಡೆ ನೋಡಿದ. ಗುಲಾಬಿಯಮ್ಮ ವಿಧವೆ, ನಲವತ್ತು ವರ್ಷದಿಂದ ಬೋಳು ಕೈ.

ಲೋಕನಾಥ ತಂಗಿಯನ್ನು ನೋಡಿದ. ಪಕ್ಕದಲ್ಲೇ ಇದ್ದಾಳೆ. ಅವನ ಕೈಯೊಳಗೆ ಅವಳ ಎಡಗೈ ಬೆಚ್ಚಗೆ ಉಂಟು. ಬಲಗೈ ಮಡಿಲಲ್ಲಿ ಇತ್ತು... ಇತ್ತು ಅಂದರೆ, ಸುಮ್ಮನೆ ಇರಲಿಲ್ಲ. ಬೆರಳುಗಳು ಮೆಲ್ಲಗೆ ಆಡುತ್ತಿದ್ದವು. ಕಲಸಿದ ಹಾಗೆ. ಮಣಿಕಟ್ಟಿನಲ್ಲಿ ಹಸಿರು ಬಳೆಗಳು ಒಂದಕ್ಕೊಂದು ತಾಗುತ್ತಿವೆ, ಅವನಿಗೆ ಕಣ್ಣಿಗೆ ಕಾಣುತ್ತದೆ. ಸದ್ದಿಲ್ಲ. ಬಳೆ ಇಲ್ಲಿ, ಸದ್ದು ಬಾಗಿಲಿನ ಆಚೆ.

ಅವನು ಎದ್ದ. ಬಾಗಿಲು ತೆರೆಯಿರಿ ಅಂತ ಕೂಗಲು ಹೋದ. ನಾಲ್ಕು ಜನ ಹಿಡಿದುಕೊಂಡರು, ಒಬ್ಬ ಬಾಯಿಗೆ ಕೈ ಒತ್ತಿದ. ಅವರ ತಪ್ಪಲ್ಲ ಅದು. ಉಣ್ಣುವ ಹೊತ್ತಿಗೆ ಬಾಗಿಲು ತೆರೆದರೆ ಒಳಗಿನವರು ಒಳಗೇ, ಹೊರಗಿನವರು ಹೊರಗೇ ಉಳಿಯುತ್ತಾರೆ ಅಂತ ಹಿರಿಯರ ಮಾತು. ಯಾರ ಮನೆಯ ಬೊಜ್ಜದಲ್ಲಿ ಯಾರು ಬಾಗಿಲು ಒಡೆಯಲಿಕ್ಕೆ ಬಿಡುತ್ತಾರೆ? ಒಳಗೆ ಇರುವುದು ತಂಗಿ ಅಂತ ಹೇಳಿದರೆ, ತಂಗಿ ಇಲ್ಲೇ ಇದ್ದಾಳಲ್ಲ ಮಾಸ್ಟ್ರೇ, ಅನ್ನುತ್ತಾರೆ. ಅವನು ಅಷ್ಟು ಜನರ ಕೈಯೊಳಗೆ ನಿಂತು ಕೇಳಿದ. ಕಿಣಿ... ಕಿಣಿಕಿಣಿ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಕ್ಕೂ ಕೈ ಖಾಲಿ ಇಲ್ಲ. ಒಂದು ಕೈ ಅವರು ಹಿಡಿದಿದ್ದರು, ಇನ್ನೊಂದು ಕೈ ಅವನು ಅವಳಿಂದ ಬಿಡಲಿಲ್ಲ.

ಆಮೇಲೆ ನಿಂತಿತು.

ಮಹಾಬಲ ಮೂರು ಸಲ ಬಾಗಿಲು ತಟ್ಟಿ ತೆರೆದ. ಒಳಗೆ ಹೋದವ ಅಲ್ಲೇ ನಿಂತುಬಿಟ್ಟ. ಬಡಿಸಿದ್ದು ಒಂದು ಎಲೆಗೆ. ಈಗ ಎರಡು ಎಲೆ ಇತ್ತು. ಎರಡನೆಯದನ್ನು ಯಾರೂ ಹಾಕಿರಲಿಲ್ಲ. ಅದರಲ್ಲಿ ಉಂಡು ಚೊಕ್ಕವಾಗಿ ಮಡಚಿದ್ದರು.

"ನನ್ನದು ಊಟ ಆಯಿತು ಅಣ್ಣ," ಅಂದಳು ಆಶಾಲತಾ. "ಹೋಗುವ."

ಯಾರಿಗೂ ಹೇಳದೆ, ತಿರುಗಿ ನೋಡದೆ ಎದ್ದು ಬಂದರು. ಕ್ರಮ ಪ್ರಕಾರ. ಮನೆ ತಲುಪುವ ದಾರಿ ಅವತ್ತು ಸುಲಭವಾಗಿ ಸಿಕ್ಕಿತು.

ಮದುವೆ ಆಯಿತು, ಹೇಳಿದ ತಿಂಗಳಿಗೇ. ಹಿಂದಿನ ದಿನ ಬಂದರಿನಿಂದ ಬಳೆ ಹಾಕಲಿಕ್ಕೆ ಸಲಾಂ ಬಂದಿದ್ದ. ಎರಡೂ ಕೈ ತುಂಬ ಹಾಕಿದ. ಹಾಕಿ ಮುಗಿಸಿ ಅವಳ ಕೈಯನ್ನು ಒಮ್ಮೆ ಅಲ್ಲಾಡಿಸಿ ನೋಡಿದ. ಇನ್ನೊಮ್ಮೆ ಅಲ್ಲಾಡಿಸಿದ. ಆಮೇಲೆ ಪೆಟ್ಟಿಗೆ ಕಟ್ಟಿದ, ಊಟಕ್ಕೆ ನಿಲ್ಲು ಅಂದರೂ ನಿಲ್ಲಲಿಲ್ಲ. ಅವಳು ಬಾಂಬೆಗೆ ಹೋದಳು. ಎರಡು ಮಕ್ಕಳು. ಗಂಡ ಒಳ್ಳೆಯವ. ಅವಳೂ ನಗ್ತಾಳೆ, ಮಾತಾಡ್ತಾಳೆ, ದಪ್ಪ ಆಗಿದ್ದಾಳೆ ಕೂಡ.

ಲೋಕನಾಥ ಮಾತ್ರ ಮದುವೆ ಆಗಲಿಲ್ಲ. ಅವಳು ಚೆನ್ನಾಗಿದ್ದಾಳಲ್ಲ ಮಾರಾಯ, ನೀನು ಯಾಕೆ ಹೀಗೆ ಅಂತ ನಾನು ಒಂದು ದಿನ ಬೇಲಿಯ ಹತ್ತಿರ ಬೈದೆ.

"ಬಾಂಬೆಯಲ್ಲಿ ಇರುವವಳು ಚೆನ್ನಾಗಿದ್ದಾಳೆ ಅಕ್ಕ," ಅಂದ. "ನಾನು ಬೆಳೆಸಿದವಳನ್ನು ಅಲ್ಲಿ ಬಿಟ್ಟು ಬಂದೆ."

ನಿಮ್ಮಲ್ಲಿ ಯಾರೋ ನಗ್ತಾ ಇದ್ದೀರಿ, ಕತ್ತಲೆಯಲ್ಲೂ ನನಗೆ ಕಾಣ್ತದೆ. ನಗಿ. ನಾನು ಬರೀ ಕೇಳಿದ ಮಾತು ಹೇಳುವವಳಲ್ಲ. ಈ ಮೇ ತಿಂಗಳಲ್ಲಿ ಅವಳು ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ನಮ್ಮ ಅಡುಗೆಮನೆಗೆ ಬಂದು, ಕೊಡಿ ಅಕ್ಕ, ನಾನು ತುರಿದು ಕೊಡ್ತೇನೆ ಅಂತ ತೆಂಗಿನಕಾಯಿ ತೆಗೆದುಕೊಂಡಳು. ಎರಡು ಕೈಯಲ್ಲೂ ಡಜನುಗಟ್ಟಲೆ ಗಾಜಿನ ಬಳೆ, ಕೆಂಪು. ಅವಳ ಪಕ್ಕದಲ್ಲೇ ಮಣೆ ಹಾಕಿ ಕೂತಿದ್ದೆ ನಾನು. ಕೈ ಮೇಲೆ ಕೆಳಗೆ ಹೋಗ್ತಾ ಇತ್ತು, ಬಳೆಗಳು ಜಾರಿ ಜಾರಿ ಒಂದರ ಮೇಲೊಂದು ಬೀಳ್ತಾ ಇದ್ದವು. ಎರಡು ಕಾಯಿ ಪೂರಾ ತುರಿಯುವ ತನಕ ನಾನು ಉಸಿರು ಹಿಡಿದು ಕಿವಿ ಕೊಟ್ಟು ಕೂತೆ.

ತುರಿಮಣೆಯ ಸದ್ದು ಕೇಳ್ತಾ ಇತ್ತು. ಕರ್... ಕರ್... ಕರ್. ಅಷ್ಟೇ.